ಹೆಸರಿಲ್ಲದ ಊರುಗಳ ಬಿಳಿ ವೈನ್

ದಿಂಡಿಗಲ್ ಬಸ್ ನಿಲ್ದಾಣದಲ್ಲಿ ಪುದುಚ್ಚೇರಿಯ ಬಸ್ಸಿಗೆ ಕಾಯುತ್ತ ಕೂತಿದ್ದೇನೆ. ಪಕ್ಕದ ಸೋಡಾ ಅಂಗಡಿಯವನು ನಿಂಬೆಹಣ್ಣು ಹೋಳು ಮಾಡಿದ. ಆ ವಾಸನೆಗೆ ನಾಗಮಣಿ ನೆನಪಾದಳು. ನಿಂಬೆಹಣ್ಣಿನಿಂದ ಹೆಂಡತಿಯನ್ನು ನೆನೆಯುವ ಗಂಡ ಎಂದು ನೀವು ನಗಬಹುದು. ಆದರೆ ನಮ್ಮ ಮನೆಗೆ ಆ ವಾಸನೆ ಬಂದದ್ದು ಪಾನಕದಿಂದಲ್ಲ, ಫ್ರಾನ್ಸಿನ ಗ್ಯಾಸ್ಕನಿ ಎಂಬ ಸೀಮೆಯ ಬಿಳಿ ವೈನಿನಿಂದ.

ಅವಳು ಕಂಬಂ ಕಣಿವೆಯ ದ್ರಾಕ್ಷಿ ತೋಟದವರ ಮಗಳು. ಪುದುಚ್ಚೇರಿಯಲ್ಲಿ ಫ್ರೆಂಚ್ ಪಾಠ ಹೇಳಿ ನಿವೃತ್ತಳಾದ ಮೇಲೆ ನಾವು ಅವಳ ತವರಿನ ಹತ್ತಿರದ ತೇನಿಗೆ ಬಂದೆವು. ಫ್ರಾನ್ಸಿನಲ್ಲಿದ್ದ ಹಳೆಯ ವಿದ್ಯಾರ್ಥಿನಿಯೊಬ್ಬಳು ಊರಿಗೆ ಬಂದಾಗಲೆಲ್ಲ ಒಂದೆರಡು ಬಾಟಲಿ ತಂದುಕೊಡುವಳು. ಅಗ್ಗದ್ದೇ ಆಗಬೇಕೆಂದು ನಾಗಮಣಿಯ ಕಟ್ಟಪ್ಪಣೆ.

"ದೊಡ್ಡ ಪೇರಿನ ಊರ್ದಾದ್ರೆ ಪೇರಿಗೇ ದುಡ್ಡು. ಯಾರ್ಗೂ ತೆರಿಯದ ಊರ್ದು ನಮ್ಗೆ ಸಾಕು" ಎನ್ನುವಳು. ಅರ್ಧ ತಮಿಳು ಬೆರೆತ ಅವಳ ಮಾತಿನಲ್ಲಿ ಹೆಸರು ಪೇರು, ಗೊತ್ತಿಲ್ಲದ್ದು ತೆರಿಯದ್ದು.

ಒಮ್ಮೆ ಸಾವ್ವಾ ಎಂಬ ಬೆಟ್ಟಸೀಮೆಯ ವೈನು, ಒಮ್ಮೆ ಕಡಲ ಮಗ್ಗುಲಿನ ಮಸ್ಕಡೇ ಎಂಬುದು. ಅವಳಿಗೆ ಅವುಗಳಲ್ಲಿ ಹಸಿರು ಸೇಬು, ಉಪ್ಪುಗಾಳಿ, ತೊಯ್ದ ಕಲ್ಲು ಸಿಗುತ್ತಿದ್ದವು. ನನಗೆ ಎಲ್ಲವೂ ಹುಳಿ. "ನಿನ್ ನಾಲ್ಗೆ ಸಾಂಬಾರ್ಗೇ ಸರಿ" ಎಂದು ನಗುವಳು. ಲೋಟ ಹಿಡಿದ ಆ ಹೊತ್ತಿನಲ್ಲಿ ನಾವು ಮನೆಮಾತೇ ಆಡುತ್ತಿದ್ದೆವು. ಬೀದಿಯಲ್ಲಿ, ಬ್ಯಾಂಕಿನಲ್ಲಿ, ಫೋನಿನಲ್ಲಿ ಮಗಳ ಜೊತೆಗೂ ತಮಿಳು. ತಲೆಮಾರುಗಳ ಹಿಂದೆ ಹಿರಿಯರು ಹೊತ್ತು ತಂದ ಕನ್ನಡ ಉಳಿದದ್ದು ಆ ಎರಡು ಲೋಟಗಳ ನಡುವೆ.

ಅವಳ ಅಣ್ಣ ಬೊಮ್ಮಯ್ಯ ಈ ವೈನಿನ ವಿಷಯ ತಿಳಿದ ದಿನ ಹೊಸಿಲಲ್ಲೇ ನಿಂತ. "ಹೆಣ್ಣು ಕುಡಿಯೋ ಮನೇಲಿ ನಾನು ನೀರೂ ಮುಟ್ಟಲ್ಲ" ಎಂದು ತಿರುಗಿ ಹೋದ. ಪ್ರತಿ ಸುಗ್ಗಿಗೂ ಮೊದಲ ಗೊಂಚಲು ತರುತ್ತಿದ್ದವನು ಅವನು. ಆಮೇಲೆ ನಾಗಮಣಿ ರಸ್ತೆಬದಿಯ ಬುಟ್ಟಿಯವಳ ಹತ್ತಿರ ದ್ರಾಕ್ಷಿ ಕೊಳ್ಳುವಾಗೆಲ್ಲ ಯಾರ ತೋಟದ್ದೆಂದು ಕೇಳುವಳು. ನಾಗಮಣಿ ತೀರಿಕೊಂಡಾಗ ಅವನು ಬಂದ. ಹೊರಗೆ ಬೇವಿನ ಮರದಡಿ ನಿಂತಿದ್ದು ಹಾಗೇ ಹೋದ.

ಆಮೇಲೆ ಮನೆಯಲ್ಲಿ ಕನ್ನಡ ಆಡಲು ಯಾರೂ ಇರಲಿಲ್ಲ. ಗುಂಯ್‌ಗುಡುವ ಫ್ರಿಜ್ಜಿಗೆ "ಸುಮ್ನಿರಪ್ಪಾ" ಎಂದು ಗದರಿ, ನನ್ನ ಕನ್ನಡಕ್ಕೆ ನಾನೇ ಬೆಚ್ಚಿದ್ದೆ. ಆ ಫ್ರಿಜ್ಜಿನೊಳಗೆ ಅವಳ ಕೊನೆಯ ಬಾಟಲಿ ಇತ್ತು. ಒಬ್ಬನೇ ತೆರೆಯಲು ಮನಸ್ಸಾಗಿರಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ ಬೊಮ್ಮಯ್ಯ ದ್ರಾಕ್ಷಿ ಪೆಟ್ಟಿಗೆ ಹೊತ್ತು ಬಂದ. ಅದನ್ನು ಹೊಸಿಲು ದಾಟಿಸಿ ಒಳಗಿಟ್ಟು ಕೂತ.

"ಮಾಪ್ಳೆ, ತಂಗಿ ಕುಡೀತಿದ್ಳಲ್ಲ, ಅದು ಐತಾ?" ತಂಗಿಯ ಗಂಡನನ್ನು ಮಾಪ್ಳೆ ಎನ್ನುವುದು ಅವನ ಹಳೆಯ ರೂಢಿ.

ನಾನು ಸುರಿದೆ. ಅವನು ಔಷಧಿ ಕುಡಿಯುವವನಂತೆ ಕಣ್ಣು ಮುಚ್ಚಿ ಕುಡಿದ. ಲೋಟ ಕೆಳಗಿಟ್ಟು ಕೇಳಿದ:

"ಇದಕ್ಕಾ ನಾನು ಅವ್ಳ ಮನೆ ಬಿಟ್ಟಿದ್ದು?"

ನಾನು ಅವನ ಲೋಟಕ್ಕೆ ಇನ್ನಷ್ಟು ಸುರಿದೆ. ಅವಳು ಚಿಕ್ಕವಳಿದ್ದಾಗ ದ್ರಾಕ್ಷಿ ಚಪ್ಪರದ ಮೇಲೆ ಹತ್ತಿ ಬಿದ್ದದ್ದನ್ನು ಅವನು ಹೇಳಿದ. ನನಗೆ ಅದು ಗೊತ್ತೇ ಇರಲಿಲ್ಲ. ಬಾಟಲಿ ಬರಿದಾದಾಗ ಕೇಳಿದ:

"ಬೇರೆ ಊರ್ದು ಐತಾ?"

"ಪುದುಚ್ಚೇರೀಲಿ ಸಿಕ್ತೈತೆ. ಅಲ್ಲೇ ಕುಡೀಬೇಕು, ಇಲ್ಲಿಗೆ ತರಕಾಗಲ್ಲ, ಗಡೀಲಿ ಹಿಡೀತಾರೆ."

"ಸರಿ, ಹೋಗುವಾ."

ಇಗೋ, ಬಸ್ಸು ಬಂತು. ಬೊಮ್ಮಯ್ಯ ನನಗಿಂತ ಮೊದಲೇ ನುಗ್ಗಿ, ಕಿಟಕಿಯಿಂದ ತಲೆ ಹೊರಹಾಕಿ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗುತ್ತಿದ್ದಾನೆ: "ಬಿರ್ನೆ ಬಾ ಮಾಪ್ಳೆ, ಸೀಟ್ ಹಿಡ್ದಿವ್ನಿ!"

ಇದು ಯಾವ ಊರ ಮಾತೆಂದು ಜನ ತಿರುಗಿ ನೋಡುತ್ತಿದ್ದಾರೆ. "ಬಂದೆ ಇರು!" ಎಂದೆ, ಅವನಷ್ಟೇ ಜೋರಾಗಿ.