ಜೇಡದ ಮೇಲೊಂದು ಅಪವಾದ

ಜೇಡ ಕಂಡರೆ ನನಗೆ ಭಯವಿಲ್ಲ. ಜಿರಳೆ ಕಂಡರೆ ಮಾತ್ರ ಈ ವಯಸ್ಸಿನಲ್ಲೂ ಮಂಚ ಹತ್ತುತ್ತೇನೆ. ಆ ಜಿರಳೆಯನ್ನೇ ಹಿಡಿದು ತಿನ್ನುವ ಜೇಡಕ್ಕೆ ಮರ್ಯಾದೆ ಕೊಡದೆ ಇರಲಾದೀತೇ? ಚಿಕ್ಕವಳಿದ್ದಾಗ ಕೈ ಕೊಯ್ದುಕೊಂಡರೆ ನಮ್ಮಮ್ಮ ಗೋಡೆಗಂಟಿದ ಜೇಡದ ಬಿಳಿ ಬಿಲ್ಲೆಯನ್ನು ಕಿತ್ತು ಗಾಯಕ್ಕೆ ಅಂಟಿಸುತ್ತಿದ್ದಳು. ರಕ್ತ ನಿಲ್ಲುತ್ತಿತ್ತು. ಅದು ಜೇಡದ ಮೊಟ್ಟೆಯ ಚೀಲವೆಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು; ತಿಳಿಯುವುದೆಲ್ಲ ಹೀಗೆ ತಡವಾಗಿಯೇ.

ನನ್ನ ಸೊಸೆ ಸುಧಾಗೆ ಹಾಗಲ್ಲ. ಅವಳಿಗೆ ಎಲ್ಲವೂ ಫೋನಿನಲ್ಲಿ ಮೊದಲೇ ತಿಳಿದಿರುತ್ತದೆ. ದಸರೆ ಮುಗಿದ ಮರುದಿನ ನಮ್ಮ ಬೆಕ್ಕು ಗುಂಡನ ತುಟಿ ಊದಿಕೊಂಡು ಜೊಲ್ಲು ಸುರಿಯುತ್ತಿತ್ತು. ಮೀಸೆಯಲ್ಲಿ ಜೇಡರ ಬಲೆ. ಸರಿ, ತೀರ್ಪು ಆಗಿಹೋಯಿತು.

“ಜೇಡ ಕಚ್ಚಿದೆ ಅತ್ತೆ! ಇವತ್ತೇ ಮನೆಗೆಲ್ಲ ಔಷಧಿ ಹೊಡೆಸ್ಬುಡ್ತೀನಿ.”

“ಹೊಡೆಸಮ್ಮ. ಜೇಡ ಸಾಯುತ್ತೆ, ಆ ನೆಲ ತುಳಿದು ಪಾದ ನೆಕ್ಕೋ ಗುಂಡನೂ ಸಾಯ್ತಾನೆ. ದಿನಾ ಜೇಡ ತಿನ್ನೋನಿಗೆ ಇವತ್ತೇ ವಿಷ ಏರ್ತಾ?”

“ನಿಮಗೆ ಗೊತ್ತಾಗಲ್ಲ, ಸುಮ್ನಿರಿ.”

ಸುಮ್ಮನಿರುವುದು ನನಗೆ ಗೊತ್ತಿಲ್ಲದ ಇನ್ನೊಂದು ವಿದ್ಯೆ. ಔಷಧಿಯವನು ಸಂಜೆಗೆ ಬರುತ್ತೇನೆಂದಿದ್ದ. ಅಷ್ಟರೊಳಗೆ ಗುಂಡನನ್ನು ತರಕಾರಿ ಬುಟ್ಟಿಗೆ ಹಾಕಿ, ಮೇಲೆ ಟವೆಲು ಬಿಗಿದು, ಸೊಸೆಯನ್ನೂ ಎಳೆದುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಆಟೋ ಹತ್ತಿದೆ. ಒಂಟಿಕೊಪ್ಪಲಿನಿಂದ ಜಯಲಕ್ಷ್ಮಿಪುರದ ತನಕ ಕಿರುಚಿದವನು ಗುಂಡನೊಬ್ಬನೇ.

ಡಾಕ್ಟರಮ್ಮ ಅವನ ಬಾಯಿ ಬಿಡಿಸಿ, ಚಿಮಟದಲ್ಲಿ ಏನನ್ನೋ ಎಳೆದರು. “ಜೇನಿನ ಮುಳ್ಳು ಕಣಜ್ಜಿ. ಮನೇಲಿ ಹೂವೇನಾದ್ರೂ ಇತ್ತಾ?”

ನಾನು ಸುಧಾಳತ್ತ ನೋಡಿದೆ. ಆಯುಧಪೂಜೆಗೆ ಸ್ಕೂಟರಿಗೆ ಮೊಳಗಟ್ಟಲೆ ಚೆಂಡುಹೂವಿನ ಹಾರ ಸುತ್ತಿದವಳು ಅವಳೇ. ಬಾಡುವ ತನಕ ತೆಗೆಯಬಾರದೆಂದು ಹಾಗೇ ಬಿಟ್ಟಿದ್ದಳು. ಅದಕ್ಕೆ ಜೇನ್ನೊಣ ಮುತ್ತಿದ್ದವು. ಗುಂಡ ಜೋತಾಡುವ ಹಾರದೊಡನೆ ಜಗಳಕ್ಕೆ ಹೋಗಿದ್ದ.

“ಹಂಗಾದ್ರೆ ಜೇಡಕ್ಕೆ ಔಷಧಿ ಹೊಡೆಸೋದು?” ಬೇಕೆಂದೇ ಜೋರಾಗಿ ಕೇಳಿದೆ.

“ನಮ್ಮ ಕಡೆ ಮನೆ ಜೇಡದಿಂದ ಬೆಕ್ಕಿಗೆ ಅಂಥ ತೊಂದ್ರೆ ಏನಿಲ್ಲ. ಹೆದರಬೇಕಾದ್ದು ಆ ಔಷಧಿಗೆ.”

ಸರಿಯಾಗಿ ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದೆ. ಪಾಪ, ಹೇಳಿದರು. ಸುಧಾ ಅಲ್ಲೇ ಫೋನ್ ಮಾಡಿ ಔಷಧಿಯವನಿಗೆ ಬರಬೇಡವೆಂದಳು. ವಾಪಸು ಬರುವಾಗ ಆಟೋದ ಹರಿದ ಸೀಟು ನನಗೆ ಅಂಬಾರಿಯಾಗಿತ್ತು.

ಮನೆಗೆ ಬಂದು ಅವಳಿಗೆ ನಾನೇ ಕಾಫಿ ಕೊಟ್ಟೆ. ಪ್ರೀತಿಯಿಂದಲ್ಲ, ಗೆದ್ದವರು ಕೊಟ್ಟ ಕಾಫಿಯನ್ನು ಸೋತವರು ಬೇಡ ಎನ್ನುವ ಹಾಗಿಲ್ಲವಲ್ಲ, ಅದನ್ನು ನೋಡಬೇಕಿತ್ತು. ಅವಳು ಒಂದು ಗುಟುಕು ಕುಡಿದು, “ಸಕ್ಕರೆ ಜಾಸ್ತಿ ಆಯ್ತು ಅತ್ತೆ” ಎಂದಳು.

ಹೋಗಲಿ. ಅಷ್ಟೂ ಬಾಯಿಲ್ಲದ ಸೊಸೆಯನ್ನು ಗೆದ್ದು ನನಗೇನು ಬಂತು?