ಲೇಸರ್ ಬೆಳೆಸುವ ಗ್ರಾಜಿನಾ

ವಿಲ್ನಿಯಸ್ ನಗರದ ಲೇಸರ್ ಪ್ರಯೋಗಾಲಯದಲ್ಲಿ ವಿಜ್ಞಾನಿ ಡಾ. ಗ್ರಾಜಿನಾ ಒಂದೆಡೆ ನಿಂತದ್ದನ್ನು ಕಂಡವರಿಲ್ಲ. ಲೇಸರ್ ಬೆಳಕು ಹುಟ್ಟಿಸುವ ಹರಳಿನ ಪದರಗಳನ್ನು ನಿರ್ವಾತದ ಯಂತ್ರದಲ್ಲಿ ಬೆಳೆಸುವುದು ಆಕೆಯ ಕೆಲಸ. ಕೂದಲೆಳೆಗಿಂತ ತೆಳುವಾದ ಪದರಕ್ಕೂ ಗಂಟೆಗಟ್ಟಲೆ ಬೇಕು; ಆಕೆ ಮಾತ್ರ ಹಾಲು ಉಕ್ಕೀತೆಂದು ಕಾಯುವವಳಂತೆ ನಿಮಿಷಕ್ಕೊಮ್ಮೆ ಯಂತ್ರದ ಕಿಂಡಿಗೆ ಕಣ್ಣಿಡುತ್ತಾಳೆ. ತಣ್ಣನೆಯ ಬೀಟ್‌ರೂಟ್ ಸೂಪನ್ನು ಕಾರಿಡಾರಿನಲ್ಲಿ ನಡೆಯುತ್ತಲೇ ಕುಡಿದು ಬಿಳಿ ಕೋಟಿಗೆಲ್ಲ ಗುಲಾಬಿ ಚುಕ್ಕೆ ಹಾಕಿಕೊಳ್ಳುತ್ತಾಳೆ. "ಲೆಕ್ಕ ಸರಿಯಾಗಿದೆ ಡಾಕ್ಟ್ರೇ, ಕಂಪ್ಯೂಟರೇ ಹೇಳ್ತಿದೆ," ಎಂದು ಜೊತೆಗಾರ ವೈದಾಸ್ ಸಮಾಧಾನ ಮಾಡಿದರೆ, "ಅದಕ್ಕೇನಪ್ಪ, ತಪ್ಪಾದ್ರೂ ಅದರ ನಿದ್ದೆ ಕೆಡಲ್ಲ," ಎಂದು ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾಳೆ. ನಲವತ್ತು ಪದರ ಕೆಟ್ಟ ಮೇಲೆ, ಈ ವಸಂತದಲ್ಲಿ ಒಂದು ಪದರದ ಒಂದೇ ಒಂದು ಚೂರು ಸರಿಯಾಗಿ ಬೆಳಗಿತು. ಸೂಜಿ ಚುಚ್ಚದೆ, ಮೈಗೆ ಸದಾ ಅಂಟಿಕೊಂಡಿದ್ದು ಬೆಳಕಿನಿಂದಲೇ ರಕ್ತ ಪರೀಕ್ಷಿಸುವ ಪುಟ್ಟ ಪಟ್ಟಿಗೆ ಅದನ್ನು ಕೂಡಿಸಿ ಇಬ್ಬರೂ ಮಕ್ಕಳ ಆಸ್ಪತ್ರೆಗೆ ಒಯ್ದರು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನ ಕಾಲಿಗೆ ಪಟ್ಟಿ ಕಟ್ಟಿದಾಗ ತೆರೆಯಲ್ಲಿ ಮೂಡಿದ ಅಂಕಿ ಸೂಜಿಯ ಪರೀಕ್ಷೆಗೆ ಸರಿಯಾಗಿ ಹೊಂದಿತು. ವೈದ್ಯರು ವೈದಾಸನ ಕೈ ಕುಲುಕಿದರು. ಗ್ರಾಜಿನಾ ಅಂಕಿಯತ್ತ ನೋಡಲೇ ಇಲ್ಲ. ಬಗ್ಗಿ, ತನ್ನ ಹೆಬ್ಬೆರಳಿನಷ್ಟೇ ಇದ್ದ ಶಿಶುವಿನ ಹಿಮ್ಮಡಿಯ ಸೂಜಿಗುರುತುಗಳನ್ನು ಎಣಿಸುತ್ತಿದ್ದಳು. ಹದಿನೇಳಿದ್ದವು. "ಗೆದ್ವಿ ಡಾಕ್ಟ್ರೇ, ಈ ಮಗೂಗೆ ಇನ್ನು ಚುಚ್ಚೋದು ಬೇಕಿಲ್ಲ," ಎಂದು ವೈದಾಸ್ ಆಕೆಗೆ ಹೇಳಿದ. "ಹೂಂ," ಎನ್ನುತ್ತ ಆಕೆ ಸಾಲಾಗಿದ್ದ ಉಳಿದ ಹನ್ನೊಂದು ತೊಟ್ಟಿಲುಗಳತ್ತ ನೋಡಿದಳು. "ಇವರಿಗೆ?" ಮರುಕ್ಷಣವೇ ಆಕೆ ಪ್ರಯೋಗಾಲಯದ ಯಂತ್ರಕ್ಕೆ ಮರಳಲು ಮೆಟ್ಟಿಲಿಳಿಯುತ್ತಿದ್ದಳು.