ಸಪ್ಪಲಮ್ಮನ ಮಾರಿಷಸ್

ಎರಡು ಸಾವಿರದ ಮೂರನೇ ಇಸವಿಯಲ್ಲಿ ಪೇಂಟ್ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಹೆಂಡತಿ ಸಮೇತ ಮಾರಿಷಸ್ಸಿಗೆ ಕರೆದುಕೊಂಡು ಹೋಗುತ್ತೇವೆ ಎಂದಾಗ ನಾವೆಲ್ಲ ಕುಣಿದಾಡಿಬಿಟ್ಟೆವು. ಅತ್ತವಳು ಸಪ್ಪಲಮ್ಮ ಒಬ್ಬಳೇ. ನಮ್ಮ ಯಜಮಾನರು ವಿಷ್ಣು, ಅವರ ಅಂಗಡಿ ಗಿರಿನಗರದಲ್ಲಿ. ಸಪ್ಪಲಮ್ಮನ ಗಂಡ ಮರೆಪ್ಪನ ಅಂಗಡಿ ಪದ್ಮನಾಭನಗರದಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ. ನಾನೂ ಸಪ್ಪಲಮ್ಮನೂ ಒಂದೇ ವಯಸ್ಸಿನವರು, ಒಂದೇ ತರಕಾರಿ ಗಾಡಿಯ ಮುಂದೆ ಜಗಳವಾಡಿ ಸ್ನೇಹಿತೆಯರಾದವರು. ಮರೆಪ್ಪನನ್ನು ನಾನು ಏಕವಚನದಲ್ಲೇ ಬರೆಯುತ್ತೇನೆ, ಯಾರು ಏನು ಬೇಕಾದರೂ ಅಂದುಕೊಳ್ಳಲಿ.

"ಅಲ್ಲಿ ಎಲ್ಲಾ ಫ್ರೀ ಅಂತೆ ಕಣೇ ಮಧು," ಎಂದಳು ನಮ್ಮ ಅಡುಗೆಮನೆಯಲ್ಲಿ ಕೂತು. "ಊಟ ಫ್ರೀ, ತಿಂಡಿ ಫ್ರೀ. ಕುಡಿಯೋದೂ ಫ್ರೀ. ಎಷ್ಟು ಕೇಳಿದ್ರೂ ಕೊಡ್ತಾರಂತೆ. ಬೇಡ ಅನ್ನೋರೇ ಇಲ್ವಂತೆ."

ಆ ಭಯ ಏನೆಂದು ನನಗೆ ಗೊತ್ತಿತ್ತು. ಆ ವರ್ಷ ಯುಗಾದಿಗೆ ಮೊದಲು ಮರೆಪ್ಪ ಹೊಟ್ಟೆ ಊದಿಕೊಂಡು, ಕಣ್ಣು ಅರಿಸಿನವಾಗಿ ಆಸ್ಪತ್ರೆ ಸೇರಿದ್ದ. ಇನ್ನೊಂದು ಸಲ ಕುಡಿದರೆ ನನ್ನ ಹತ್ತಿರ ಕರೆದುಕೊಂಡು ಬರಬೇಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿ ಕಳಿಸಿದ್ದರು. ಅದಾದ ಮೇಲೂ ಎರಡು ಸಲ ಜಾರಿದ್ದ. ಕುಡಿದಾಗ ಅವನು ಮನುಷ್ಯನೇ ಅಲ್ಲ. ಅನ್ನದ ತಟ್ಟೆ ಗೋಡೆಗೆ ಹೋಗುತ್ತಿತ್ತು, ಸಪ್ಪಲಮ್ಮನ ಅಪ್ಪ ಅಮ್ಮನ ಹೆಸರು ಬೀದಿಗೆ ಬರುತ್ತಿತ್ತು. ಹಾಗೆ ಅವಳು ಇಪ್ಪತ್ತು ವರ್ಷ ಬಾಳಿದ್ದಳು.

"ಹೋಗೋದು ಬೇಡ ಅಂದ್ಬಿಡು," ಎಂದೆ.

"ಅಂದೆ. ನೀನು ಬರ್ದಿದ್ರೆ ನಾನೊಬ್ನೇ ಹೋಗ್ತೀನಿ ಅಂದ್ರು."

ಸ್ವಲ್ಪ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತವಳು ಇದ್ದಕ್ಕಿದ್ದಂತೆ ಎದ್ದಳು. "ಮಾಲೆ ಹಾಕಿಸಿಬಿಡ್ತೀನಿ," ಎಂದಳು.

ಮರೆಪ್ಪ ವರ್ಷವೂ ಶಬರಿಮಲೆಗೆ ಹೋಗುವವನು. ಇಟ್ಟಮಡುವಿನ ಪಿಳ್ಳಣ್ಣ ಗುರುಸ್ವಾಮಿ ಮಾಲೆ ಹಾಕಿದ ದಿನದಿಂದ ಯಾತ್ರೆ ಮುಗಿದು ಅವರೇ ಅದನ್ನು ತೆಗೆಯುವವರೆಗೂ ಅವನು ಒಂದು ತೊಟ್ಟು ಮುಟ್ಟುತ್ತಿರಲಿಲ್ಲ. ಸಿಗರೇಟಿಲ್ಲ, ಬೈಗುಳವಿಲ್ಲ. ಕಪ್ಪು ಪಂಚೆ, ಬರಿಗಾಲು, ಎರಡು ಹೊತ್ತು ತಣ್ಣೀರು ಸ್ನಾನ, ನೆಲದ ಮೇಲೆ ಚಾಪೆ. ಹೆಂಡತಿಯನ್ನು ಅಮ್ಮಾ ಎನ್ನುತ್ತಿದ್ದ, ಅವಳು ಸ್ವಾಮಿ ಎನ್ನುತ್ತಿದ್ದಳು. ಮಾಲೆ ತೆಗೆದ ಮಾರನೆಯ ದಿನ ಮತ್ತೆ ಅದೇ ರಾಗ, ಆ ಮಾತು ಬೇರೆ. ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಹಾಕುವ ಮಾಲೆಯನ್ನು ಈ ಸಲ ಕಾರ್ತಿಕದಲ್ಲೇ ಹಾಕಿಸಬೇಕೆಂದು ಅವಳು ಪಿಳ್ಳಣ್ಣನವರ ಮನೆಗೆ ನನ್ನನ್ನೂ ಎಳೆದುಕೊಂಡು ಹೋದಳು.

"ಸಮುದ್ರ ದಾಟಿ ಟೂರ್ ಹೋಗೋ ಸ್ವಾಮೀನ ನಾನು ಕಂಡಿಲ್ಲಮ್ಮ," ಎಂದರು ಪಿಳ್ಳಣ್ಣ. ಆಮೇಲೆ ಅವಳ ಮುಖ ನೋಡಿ, "ಆಗ್ಲಿ, ಎಲ್ಲಿದ್ರೂ ನೇಮ ಬಿಡ್ಬಾರ್ದು ಅಷ್ಟೇ," ಎಂದು ಒಪ್ಪಿದರು.

ಮರೆಪ್ಪನಿಗೂ ಬೇಡ ಅನ್ನುವ ಧೈರ್ಯವಿರಲಿಲ್ಲ. ದೇವರ ವಿಷಯಕ್ಕೆ ಅವನು ಹೆದರುತ್ತಿದ್ದ. ನಮ್ಮ ಯಜಮಾನರು ನಕ್ಕು ನಕ್ಕು ಸುಸ್ತಾದರು. ಹೀಗೆ ನಮ್ಮ ತಂಡ ಹೊರಟಿತು: ಹೊಸ ಬರ್ಮುಡಾ ಚಡ್ಡಿ, ತಂಪು ಕನ್ನಡಕದ ಗಂಡಸರೆಲ್ಲ ಮುಂದೆ, ಗಡ್ಡ ಬಿಟ್ಟು ಕಪ್ಪು ಪಂಚೆ ಉಟ್ಟ ಬರಿಗಾಲಿನ ಮರೆಪ್ಪ ಹಿಂದೆ, ಅವನ ಹಿಂದೆ ಅವಲಕ್ಕಿ, ಹುರಿಹಿಟ್ಟು, ಬೆಲ್ಲ ತುಂಬಿದ ಚೀಲ ಹೊತ್ತ ಸಪ್ಪಲಮ್ಮ.

ಆ ರೆಸಾರ್ಟನ್ನು ಏನೆಂದು ಹೇಳಲಿ! ರೂಮಿನ ಬಾಗಿಲು ತೆಗೆದರೆ ಸಮುದ್ರ. ನೀರು ಹಸಿರೋ ನೀಲಿಯೋ ಹೇಳಲು ಬರುವುದಿಲ್ಲ. ಹೋದ ಕೂಡಲೇ ಎಲ್ಲರ ಮಣಿಕಟ್ಟಿಗೂ ಒಂದು ಹಳದಿ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರು. ಅದಿದ್ದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಒಂದು ಹುಡುಗಿ ನಗುನಗುತ್ತಾ ಕೆಂಪು ಶರಬತ್ತು ತಂದು ಕೊಟ್ಟಳು. ಸಪ್ಪಲಮ್ಮ ಗಂಡನ ಕೈಯಿಂದ ಲೋಟ ಕಸಿದು ಮೂಸಿ ನೋಡಿ, ಸಮಾಧಾನವಾಗದೆ ನನ್ನ ಕೈಗೆ ಕೊಟ್ಟು, "ನೀನು ಕುಡಿದು ಹೇಳು," ಎಂದಳು. ಬರೀ ಹಣ್ಣಿನ ರಸವಾಗಿತ್ತು.

ಮೊದಲ ಬೆಳಗ್ಗೆಯೇ ಗಲಾಟೆ. ಸ್ವಾಮಿ ರೂಮಿನಲ್ಲಿ ಪೂಜೆ ಮಾಡಿ ಕರ್ಪೂರ ಹಚ್ಚಿದ್ದೇ ಚಾವಣಿಯಲ್ಲಿದ್ದ ಹೊಗೆ ಗಂಟೆ ಬಡಿದುಕೊಂಡಿತು. ಬೆಂಕಿ ಆರಿಸುವವರು ಓಡಿ ಬಂದರು, ಪಕ್ಕದ ರೂಮಿನ ಫ್ರಾನ್ಸಿನವರು ಟವೆಲ್ ಸುತ್ತಿಕೊಂಡು ಹೊರಗೆ ನಿಂತರು. ಅಂದಿನಿಂದ ಪೂಜೆ ಸಮುದ್ರದ ದಂಡೆಗೆ ಹೋಯಿತು. ಊಟದ ಹಾಲ್‌ನಲ್ಲಿ ಅಷ್ಟುದ್ದ ಬಡಿಸಿಟ್ಟಿದ್ದರು. ಮಾಂಸ ಬೇಯಿಸಿದ ಅಡುಗೆಮನೆಯದು ಎಂದು ಸ್ವಾಮಿ ಯಾವುದನ್ನೂ ಮುಟ್ಟಲಿಲ್ಲ. ಬಾಳೆಹಣ್ಣು, ಅನಾನಸು, ಮೊಸರವಲಕ್ಕಿ. ಅವನು ತಿನ್ನದ್ದನ್ನು ತಾನೂ ತಿನ್ನುವುದಿಲ್ಲ ಎಂದು ಸಪ್ಪಲಮ್ಮನೂ ಅದೇ. ನನಗೆ ಮೈಯೆಲ್ಲ ಉರಿಯಿತು.

"ನಿಂಗೇನು ಬಂದಿದೆ ರೋಗ? ಮಾಲೆ ಹಾಕಿರೋದು ಅವರು. ನೀನು ಒಂದು ತಟ್ಟೆ ಅನ್ನ ತಿಂದ್ರೆ ಅಯ್ಯಪ್ಪ ಕೋಪ ಮಾಡ್ಕೋತಾನಾ?"

"ಇರ್ಲಿ ಬಿಡೇ. ನಾನು ಕಣ್ಣೆದುರಿಗೆ ಇರ್ಬೇಕು, ಅಷ್ಟೇ."

ಅಲ್ಲಿ ಬಾರು ಎಲ್ಲಿಲ್ಲ ಹೇಳಿ! ಊಟದ ಹಾಲ್‌ನಲ್ಲಿ ಒಂದು, ದಂಡೆಯ ಮೇಲೆ ಒಂದು, ಈಜುಕೊಳದ ನೀರಿನೊಳಗೇ ಒಂದು. ಎದೆಮಟ್ಟ ನೀರಿನಲ್ಲಿ ಕಲ್ಲುಬೆಂಚಿನ ಮೇಲೆ ಕೂತು ನಮ್ಮ ಗಂಡಸರು ತಿಂಡಿ ಹೊತ್ತಿಗೇ ಶುರು ಮಾಡುತ್ತಿದ್ದರು. ಅವರ ಮುಂದಾಳು ಹನುಮಂತನಗರದ ಡೀಲರ್ ದೇವದಾಸ್. "ಸ್ವಾಮೀ, ತೀರ್ಥ ಬೇಡ್ವಾ?" ಎಂದು ಗ್ಲಾಸು ಎತ್ತಿ ತೋರಿಸುವನು. ಉಳಿದವರು ಹೋ ಎನ್ನುವರು. ಮರೆಪ್ಪ ನಗುತ್ತಿದ್ದ, ಆದರೆ ಕಣ್ಣು ಗ್ಲಾಸಿನ ಮೇಲೇ ಇರುತ್ತಿತ್ತು. ಅವನ ಎರಡು ಮಾರು ಹಿಂದೆ, ತೆಂಗಿನ ಮರದ ನೆರಳಿನಲ್ಲಿ ಸಪ್ಪಲಮ್ಮ. ಅವಳು ಆ ಸಮುದ್ರವನ್ನು ಒಂದು ಸಲವೂ ಸರಿಯಾಗಿ ನೋಡಲಿಲ್ಲ ಎಂದರೆ ನಂಬಬೇಕು.

ಆದರೂ ಎರಡನೆಯ ಸಂಜೆ ಅವಳು ಸಂತೋಷವಾಗಿದ್ದಳು. ಸ್ವಾಮಿ ತನ್ನ ಪಂಚೆ ತಾನೇ ಒಗೆದು ಒಣಗಲು ಹಾಕುತ್ತಿದ್ದ. ನಾವಿಬ್ಬರೂ ಮರಳಲ್ಲಿ ಕಾಲು ಚಾಚಿ ಕೂತಿದ್ದೆವು. "ಬೆಳಗ್ಗೆ, ಅಮ್ಮಾ ನೀವು ಹಣ್ಣು ತಿಂದ್ರಾ ಅಂತ ಕೇಳಿದ್ರು," ಎಂದಳು. "ಮಧು, ನಾನು ಸಂಸಾರ ಅಂತ ಮಾಡಿರೋದು ಈ ಮಾಲೆ ಹಾಕಿರೋ ಮನುಷ್ಯನ ಜೊತೆ ಕಣೇ. ಮಿಕ್ಕಿದ್ದೆಲ್ಲಾ ಬರೀ ದುಡಿಮೆ." ಬಾಯಿಬಡುಕಿಯಾದ ನಾನು ಅವಳ ಕಾಲ ಮೇಲಿನ ಮರಳು ಕೊಡವುತ್ತಾ ಕೂತೆ.

ಮೂರನೆಯ ದಿನ ಬೆಳಗ್ಗೆ ಫೋನು ಬಂತು. ಇಂಗ್ಲಿಷು ಬರುವುದಿಲ್ಲವೆಂದು ಸಪ್ಪಲಮ್ಮ ನನ್ನನ್ನೂ ರಿಸೆಪ್ಷನ್ನಿಗೆ ಕರೆದುಕೊಂಡು ಹೋದಳು. ಆ ಕಡೆ ಉತ್ತರಹಳ್ಳಿಯಿಂದ ಸೀನು, ಮರೆಪ್ಪನ ಚಿಕ್ಕಪ್ಪನ ಮಗ. ಚಿಕ್ಕಪ್ಪ ಬೆಳಗಿನ ಜಾವ ಹೋಗಿಬಿಟ್ಟರಂತೆ. ತಂದೆ ಇಲ್ಲದ ಮರೆಪ್ಪನನ್ನು ಎತ್ತಿ ಆಡಿಸಿ, ಓದಿಸಿ, ಅಂಗಡಿ ಹಾಕಿಕೊಟ್ಟ ಚಿಕ್ಕಪ್ಪ. ಸಂಜೆಯೊಳಗೆ ಮಣ್ಣು ಮಾಡುತ್ತಾರಂತೆ.

ಫೋನು ಇಟ್ಟು ಅವಳು ಅಲ್ಲೇ ಸೋಫಾದ ಮೇಲೆ ಕುಸಿದಳು. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ನನ್ನನ್ನು ನೋಡಿದಳು, ಆ ನೋಟ ನೋಡಿಯೇ ನನಗೂ ಅರ್ಥವಾಯಿತು. ದಾಯಾದಿಗಳಲ್ಲಿ ಸಾವಾದರೆ ಸೂತಕ. ಸೂತಕ ಬಂದರೆ ವ್ರತ ಅಲ್ಲಿಗೆ ಮುಗಿಯಿತು, ಮಾಲೆ ತೆಗೆಯಲೇಬೇಕು. ತೆಗೆದರೆ ಅವನ ಕೊರಳು ಖಾಲಿ, ಕೈಯಲ್ಲಿ ಹಳದಿ ಪಟ್ಟಿ, ಮನಸ್ಸಿನಲ್ಲಿ ಅಷ್ಟು ದೊಡ್ಡ ದುಃಖ, ಸುತ್ತಲೂ ಬಾರು. ಊರಿಗೆ ವಿಮಾನವಿದ್ದದ್ದು ಇನ್ನು ಮೂರು ದಿನಕ್ಕೆ.

"ಹೇಳಲ್ಲ," ಎಂದಳು.

"ಅಯ್ಯೋ, ಅಪ್ಪನ ಥರ ಸಾಕಿದೋರು ಕಣೇ! ದೇವರ ವಿಷಯ ಬೇರೆ."

"ಕಿವಿಗೆ ಬಿದ್ರೆ ತಾನೇ ಸೂತಕ? ಅವರ ಕಿವಿಗೆ ಬಿದ್ದಿಲ್ಲ. ಮಣ್ಣಿಗೆ ಹೋಗೋಕಂತೂ ಆಗಲ್ಲ. ಪಾಪ ಬಂದ್ರೆ ನಂಗೆ ಬರ್ಲಿ. ಸತ್ತೋರು ಸತ್ರು ಮಧು, ನಂಗೆ ಬದುಕಿರೋರು ಬೇಕು." ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಳು.

ಸೂತಕ ಅವಳಿಗೂ ಉಂಟಲ್ಲ! ಹೊಟ್ಟೆನೋವು ಎಂದು ಸುಳ್ಳು ಹೇಳಿ ಪೂಜೆಯ ಹತ್ತಿರ ಹೋಗುವುದನ್ನು ಬಿಟ್ಟಳು. ದೂರದಲ್ಲಿ ನಿಂತು ತುಟಿ ಕಚ್ಚಿಕೊಂಡು ನೋಡುವಳು. ಅತ್ತರೆ ಗೊತ್ತಾಗುತ್ತದೆಂದು ನಮ್ಮ ಬಾತ್‌ರೂಮಿಗೆ ಬಂದು ನಲ್ಲಿ ಬಿಟ್ಟುಕೊಂಡು ಅಳುವಳು. ಸ್ವಾಮಿಯೂ ಮಂಕಾಗಿದ್ದ. ದಂಡೆಯಲ್ಲಿ ಸುಮ್ಮನೆ ಕೈ ಮುಗಿದು ಬಂದುಬಿಡುತ್ತಿದ್ದ, ಕರ್ಪೂರ ಹಚ್ಚುತ್ತಿರಲಿಲ್ಲ. ಯಾಕೆ ಎಂದರೆ "ಗಾಳಿ ಜಾಸ್ತಿ, ನಿಲ್ಲಲ್ಲ," ಎಂದ. ಉಪವಾಸದಿಂದ ನಿತ್ರಾಣವಾಗಿರಬೇಕು ಎಂದುಕೊಂಡೆವು. ಕೊನೆಯ ಸಂಜೆ ದೊಡ್ಡ ಪಾರ್ಟಿಯಲ್ಲಿ ಅವನಿಗೆ ವೇದಿಕೆಯ ಮೇಲೆ ಬಹುಮಾನ ಕೊಟ್ಟರು. ಟ್ರೇ ಹಿಡಿದ ಹುಡುಗರು ಅವನ ಎರಡೂ ಪಕ್ಕ ಹಾದು ಹೋಗುತ್ತಿದ್ದರು. ಅವನು ಎರಡೂ ಕೈಯಲ್ಲಿ ಬಹುಮಾನವನ್ನು ಎದೆಗೆ ಒತ್ತಿಕೊಂಡು ನಿಂತಿದ್ದ, ನಾನೇ ನೋಡಿದೆ. ಬಹುಮಾನ ಹೆಂಡತಿಯ ಮಡಿಲಿಗೆ ಹಾಕಿ ರೂಮಿಗೆ ಹೋಗಿ ಚಾಪೆಯ ಮೇಲೆ ಮಲಗಿಬಿಟ್ಟ. ಸಪ್ಪಲಮ್ಮ ಹೊಸ್ತಿಲಿಗೆ ಅಡ್ಡವಾಗಿ ಕೂತಿದ್ದಳು.

ಬೆಂಗಳೂರಿನಲ್ಲಿ ಇಳಿದು ನಾಲ್ವರೂ ಒಂದೇ ಸುಮೋದಲ್ಲಿ ಹೊರಟೆವು. ಬನಶಂಕರಿ ದಾಟುವಾಗ ಸಪ್ಪಲಮ್ಮ ಡ್ರೈವರಿಗೆ ಇಟ್ಟಮಡು ಕಡೆ ತಿರುಗಿಸಲು ಹೇಳಿದಳು. ಯಾಕೆ ಎಂದು ಮರೆಪ್ಪ ಕೇಳಲಿಲ್ಲ. ಅದು ನನಗೆ ಸೋಜಿಗವೆನಿಸಿತು.

ಪಿಳ್ಳಣ್ಣ ಜಗುಲಿಯ ಮೇಲೆ ಕೂತಿದ್ದರು. ಸಪ್ಪಲಮ್ಮ ಮೆಟ್ಟಿಲು ಹತ್ತದೆ ಕೆಳಗೇ ನಿಂತು ಕೈ ಮುಗಿದಳು. "ಗುರುಸ್ವಾಮಿ, ಇವರ ಚಿಕ್ಕಪ್ಪ ತೀರ್ಕೊಂಡ್ರು. ಸುದ್ದಿ ಬಂತು, ನಾನು ಮುಚ್ಚಿಟ್ಟೆ. ಸೂತಕದಲ್ಲೇ ಮಾಲೆ ಇಟ್ಕೊಳ್ಳೋ ಹಂಗೆ ಮಾಡಿದ್ದು ನಾನು. ಇವರದ್ದು ಏನೂ ತಪ್ಪಿಲ್ಲ. ಏನು ದೋಷ ಇದ್ರೂ ನನ್ನ ತಲೆ ಮೇಲೆ ಹಾಕಿ."

ಮರೆಪ್ಪ ನೆಲ ನೋಡುತ್ತಿದ್ದ. "ನಂಗೂ ಗೊತ್ತಿತ್ತು," ಎಂದ.

ನಾವೆಲ್ಲ ಅವನ ಕಡೆ ತಿರುಗಿದೆವು.

"ಅವತ್ತೇ ಮಧ್ಯಾಹ್ನ ದೇವದಾಸ್ ಹೇಳ್ದ. ಅವನ ಹೆಂಡ್ತಿ ತಮ್ಮ ಉತ್ತರಹಳ್ಳೀಲಿ ಇರೋದಲ್ವಾ, ಫೋನ್ ಮಾಡಿದ್ನಂತೆ. ನಿಮ್ಮ ಚಿಕ್ಕಪ್ಪ ಹೋಗ್ಬಿಟ್ರಂತೆ ಮರೆಪ್ಪ, ಇನ್ನು ಮಾಲೆ ತೆಗೀಬೇಕಲ್ಲ, ಒಂದು ಹಾಕು ದುಃಖ ಇಳಿಯುತ್ತೆ ಅಂತ ಗ್ಲಾಸ್ ಕೈಗೇ ಕೊಟ್ಟ." ಮರೆಪ್ಪ ಕೊರಳ ಮಣಿ ಹಿಡಿದುಕೊಂಡ. "ವಾಪಸ್ ಇಟ್ಟೆ. ನಂಗೆ ಏನೂ ಕೇಳಿಸ್ಲಿಲ್ಲ ಅಂದೆ. ಇವಳಿಗೆ ಹೇಳಿದ್ರೆ ಮಾಲೆ ತೆಗೀರಿ ಅಂತಾಳೆ. ತೆಗೆದ್ರೆ ನಾನು ಉಳಿಯಲ್ಲ ಅಂತ ಗೊತ್ತಿತ್ತು ಗುರುಸ್ವಾಮಿ. ದೇವರಿಗೆ ಕರ್ಪೂರ ಹಚ್ಚೋ ಧೈರ್ಯ ಬರ್ಲಿಲ್ಲ. ಸುಮ್ನೆ ಕೊರಳಲ್ಲಿ ಇಟ್ಕೊಂಡು ಬಂದೆ."

ಪಿಳ್ಳಣ್ಣ ಎದ್ದು ಬಂದು ಮಂತ್ರ ಹೇಳಿ ಮಾಲೆ ತೆಗೆದರು. "ಕೇಳಿದ ಗಳಿಗೇಲೇ ವ್ರತ ಮುಗೀತು ಕಣಪ್ಪ," ಎಂದರು. "ಆಮೇಲೆ ನಿನ್ನ ಕೊರಳಲ್ಲಿ ಇದ್ದದ್ದು ಬರೀ ತುಳಸಿ ಮಣಿ." ಬೈಯಲಿಲ್ಲ. ಹೋಗಿ ತಲೆಗೆ ಸ್ನಾನ ಮಾಡಿ ಚಿಕ್ಕಮ್ಮನನ್ನು ನೋಡಿ ಎಂದರು.

ನನಗೆ ಕಣ್ಣಲ್ಲಿ ನೀರು ಬಂತು. ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಗೊತ್ತಾಗದ ಹಾಗೆ ಅದೇ ದುಃಖ ನುಂಗಿಕೊಂಡಿದ್ದರಲ್ಲ! ಮರೆಪ್ಪ ಇಷ್ಟು ಗಟ್ಟಿ ಮನುಷ್ಯನೇ ಎಂದು ನಾನು ಮೊದಲ ಸಲ ಅಂದುಕೊಂಡೆ. ಸಪ್ಪಲಮ್ಮ ಈಗ ಅವನ ಕೈ ಹಿಡಿದುಕೊಂಡು ಅಳುತ್ತಾಳೆ, ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡು ಅವಳ ಮುಖ ನೋಡಿದೆ.

ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮುಂಚೆನೇ ಗೊತ್ತಿತ್ತಾ?" ಎಂದಳು.

"ಹೂಂ."

"ಅವತ್ತಿಂದ ಇದು ಬರೀ ಮಣೀನಾ?"

ಅವನು ತಲೆಯಾಡಿಸಿದ.

ಗಂಡನಿಗೆ ಅವಳು ಯಾವತ್ತೂ ನೀನು ಎಂದವಳಲ್ಲ. "ಹಂಗಾದ್ರೆ ನಿನ್ನ ತಡೆದಿದ್ದು ಅಯ್ಯಪ್ಪ ಅಲ್ಲ," ಎಂದಳು. ದನಿ ಎತ್ತಲಿಲ್ಲ. "ಅಷ್ಟು ಬಾರಿನ ಮಧ್ಯೆ, ಯಾವ ದೇವ್ರೂ ಇಲ್ದೆ, ನೀನೇ ಇದ್ದೆ. ಕೈಗೆ ಕೊಟ್ಟಿದ್ದನ್ನ ವಾಪಸ್ ಇಟ್ಟೆ."

ಮರೆಪ್ಪನ ಮುಖದಲ್ಲಿ ಒಂದು ಸಣ್ಣ ನಗು ಬಂತು, ಹೊಗಳಿಕೆ ಎಂದುಕೊಂಡನೇನೋ.

"ಇಪ್ಪತ್ತು ವರ್ಷ," ಎಂದಳು ಸಪ್ಪಲಮ್ಮ. "ಇಪ್ಪತ್ತು ವರ್ಷ ನಿನ್ನ ಕೈಲಿ ಆಗಲ್ಲ ಅಂದ್ಕೊಂಡು ಸಹಿಸಿದ್ನಲ್ಲೋ! ಆಗ್ತಿತ್ತಾ ನಿನ್ನ ಕೈಲಿ?"